ಮನೆ ಚೇತರಿಸಿತೇ? ಕಿರ್ದಿ ತೆಗೆಯಿರಿ, ಲೆಕ್ಕ ನೋಡೋಣ!



ಕೊರೋನಾ ಪಿಡುಗು ಮುಗಿದು ವರ್ಷಗಳಾದವು, ಜನ ಚೇತರಿಸಿಕೊಂಡರು, ಇನ್ನೂ ಆ ಹಳೆಯ ಮಾತೇಕೆ ಎಂದು ದೊಡ್ಡವರು ಕೇಳುತ್ತಿದ್ದಾರೆ. ಮಂತ್ರಿಗಳು ವೇದಿಕೆಯ ಮೇಲೆ ಇದನ್ನು ಹೇಳುತ್ತಾರೆ. ಮಾಲೀಕರು ತಮ್ಮ ವಾರ್ಷಿಕ ವರದಿಯಲ್ಲಿ ಇದನ್ನೇ ಅಚ್ಚು ಹಾಕಿಸುತ್ತಾರೆ. ಪೇಟೆ ತೆರೆದಿದೆ, ರೈಲು ಓಡುತ್ತಿದೆ, ಮದುವೆ ಛತ್ರಗಳಲ್ಲಿ ಓಲಗ ಕೇಳುತ್ತಿದೆ. ಅಂದಮೇಲೆ ಎಲ್ಲವೂ ಸರಿಹೋಯಿತಲ್ಲ!

ನಾವು ಕೇಳುವುದು ಇಷ್ಟೇ: ಚೇತರಿಸಿದವರು ಯಾರು? ಯಾರ ಖರ್ಚಿನಲ್ಲಿ ಚೇತರಿಸಿದರು?

ಅಂಗಡಿ ನಡೆಸುವ ಬಂಧುಗಳಿಗೆ ನಾವು ಲೆಕ್ಕ ಕಲಿಸಬೇಕಾಗಿಲ್ಲ. ಬಾಗಿಲು ತೆರೆದಿದೆ, ಗಿರಾಕಿ ಬರುತ್ತಿದ್ದಾನೆ ಎಂದ ಮಾತ್ರಕ್ಕೆ ವ್ಯಾಪಾರ ನೆಟ್ಟಗಿದೆ ಎಂದು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಆತ ಕಿರ್ದಿ ತೆಗೆಯುತ್ತಾನೆ. ಜಮೆ ಎಷ್ಟು, ಖರ್ಚು ಎಷ್ಟು, ಬಾಕಿ ಎಷ್ಟು, ಬಂಡವಾಳದಲ್ಲೇ ತಿಂದದ್ದು ಎಷ್ಟು ಎಂದು ನೋಡುತ್ತಾನೆ. ಬಂಡವಾಳ ತಿನ್ನುತ್ತಾ ನಡೆಯುವ ಅಂಗಡಿಗೆ ಇಂದಲ್ಲ ನಾಳೆ ಬೀಗ ಬೀಳುತ್ತದೆ ಎಂಬುದು ಅವನಿಗೆ ಗೊತ್ತು. ಮನೆಯ ಲೆಕ್ಕವೂ ಇದೇ. ರೋಗ ಬರುವ ಮುಂಚೆ ಮನೆಯಲ್ಲಿ ಇದ್ದದ್ದು ಮತ್ತೆ ಮನೆಗೆ ಬಂದಾಗ ಮಾತ್ರ ಮನೆ ಚೇತರಿಸಿತು ಎನ್ನಬೇಕು. ಒಲೆ ಹೊತ್ತಿದ್ದನ್ನು ನೋಡಿ ಹೇಳುವ ಮಾತಲ್ಲ ಅದು.

ಗಿರಣಿ ಸಾಲಿನ ಒಂದು ಮನೆಯ ಕಿರ್ದಿ ನಮಗೆ ಗೊತ್ತಿದೆ. ಹೆಸರು ಬೇಡ, ನಿಮ್ಮ ಬೀದಿಯಲ್ಲೇ ಅಂಥ ಹತ್ತು ಮನೆಗಳಿವೆ. ಗಂಡ ಗಿರಣಿ ಕೆಲಸಗಾರ, ಹೆಂಡತಿ ಮಂಡಕ್ಕಿ ಭಟ್ಟಿಯ ಕೂಲಿ, ಮುದಿ ತಾಯಿ, ಇಬ್ಬರು ಮಕ್ಕಳು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಅಪ್ಪಣೆಯಾಯಿತು, ನಾಲ್ಕು ಗಂಟೆಯೊಳಗೆ ದೇಶಕ್ಕೆ ದೇಶವೇ ಮುಚ್ಚಿತು. ಗಿರಣಿಯ ಗೇಟಿಗೂ ಭಟ್ಟಿಗೂ ಬೀಗ. ಮೊದಲ ತಿಂಗಳು ಡಬ್ಬಿಯಲ್ಲಿ ಕೂಡಿಟ್ಟ ಹಣ ಹೋಯಿತು, ಎರಡನೆಯ ತಿಂಗಳು ಓಲೆ, ಮೂರನೆಯ ತಿಂಗಳು ಬಳೆ. ಮರುವರ್ಷದ ಮೇ ತಿಂಗಳಲ್ಲಿ ಎರಡನೆಯ ಅಲೆ ಬಂದು ತಾಯಿ ಆಸ್ಪತ್ರೆ ಸೇರಿದಳು, ಹನ್ನೊಂದನೆಯ ದಿನ ತೀರಿಕೊಂಡಳು. ಆಸ್ಪತ್ರೆಯ ಬಿಲ್ಲಿಗೆ ಸೈಟಿನ ಕಾಗದ ಒತ್ತೆ ಬಿತ್ತು. ಎಂಟನೆಯ ತರಗತಿಯಲ್ಲಿದ್ದ ಮಗಳು ಸೀರೆ ಅಂಗಡಿಯ ಕೆಲಸಕ್ಕೆ ಹೋದಳು, ಶಾಲೆ ತೆರೆದ ಮೇಲೂ ಹಿಂದಿರುಗಲಿಲ್ಲ.

ಇಂದು ಆ ಮನೆಯ ಹೊರಗೆ ನಿಂತು ನೋಡಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದಾರೆ, ಮಗಳೂ ದುಡಿಯುತ್ತಿದ್ದಾಳೆ. ಮೊದಲು ಎರಡು ಇದ್ದ ಸಂಪಾದನೆಯ ಕೈಗಳು ಈಗ ಮೂರಾಗಿವೆ. ಸರ್ಕಾರದ ಲೆಕ್ಕಿಗ ಇದನ್ನು ಚೇತರಿಕೆ ಎಂದು ಬರೆದುಕೊಳ್ಳುತ್ತಾನೆ! ಒಳಗೆ ಬಂದು ಕಿರ್ದಿ ತೆಗೆದರೆ ಕಾಣುವುದೇ ಬೇರೆ. ಬಳೆ ಹರಾಜಾಗಿ ಹೋಗಿದೆ. ಕಾಗದ ಒತ್ತೆಯಲ್ಲೇ ಇದೆ. ಹೆಂಡತಿಯ ಹೆಸರಲ್ಲಿ ಮೂರು ಸಂಘದ ಸಾಲ, ಒಂದರ ಕಂತಿಗೆ ಇನ್ನೊಂದು. ಆ ಮಗಳ ಹೆಸರು ಹಾಜರಿ ಪುಸ್ತಕದಲ್ಲಿಲ್ಲ. ನಾವು ಒಂದು ಕಾಲಕ್ಕೆ ಶಾಲೆಯಲ್ಲಿ ಹಾಜರಿ ಕೂಗಿದವರು. ಕೂಗಿದ ಹೆಸರಿಗೆ ಉತ್ತರ ಬಾರದಿದ್ದರೆ ಕೊಠಡಿ ಹೇಗೆ ಮೌನವಾಗುತ್ತದೆ ಎಂಬುದನ್ನು ಬಲ್ಲವರು. ಆ ಮೌನ ಯಾವ ಅಂಕಿಅಂಶದಲ್ಲೂ ಇಲ್ಲ.

ಇದು ಮನೆ ಚೇತರಿಸಿದ ಕಥೆಯಲ್ಲ, ಮನೆ ತನ್ನನ್ನು ತಾನೇ ತಿಂದು ಬದುಕಿದ ಕಥೆ.

ಪರಿಹಾರ ಕೊಟ್ಟೆವಲ್ಲ ಎನ್ನುತ್ತಾರೆ. ಕೊಟ್ಟದ್ದನ್ನು ಇಲ್ಲವೆನ್ನುವುದು ನಮ್ಮ ಪದ್ಧತಿಯಲ್ಲ. 2020ರ ಏಪ್ರಿಲಿನಿಂದ ನವೆಂಬರಿನವರೆಗೆ, ಮತ್ತೆ 2021ರ ಮೇ ತಿಂಗಳಿಂದ 2022ರ ಡಿಸೆಂಬರಿನವರೆಗೆ ಪಡಿತರ ಚೀಟಿಯಲ್ಲಿದ್ದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಹೆಚ್ಚುವರಿಯಾಗಿ, ಉಚಿತವಾಗಿ ಬಂತು. ಆ ಅಕ್ಕಿ ಬಾರದಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಹೆಣ ಬೀಳುತ್ತಿದ್ದವು. ಜನಧನ ಖಾತೆಯ ಹೆಂಗಸರಿಗೆ ಮೂರು ತಿಂಗಳು ತಲಾ 500 ರೂಪಾಯಿ ಬಂತು. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಯೋಜನೆ 2020-21ರಲ್ಲಿ ದೇಶದಾದ್ಯಂತ 11 ಕೋಟಿಗೂ ಹೆಚ್ಚು ಜನರಿಗೆ ಕೂಲಿ ಕೊಟ್ಟಿತು. ಪಟ್ಟಣದ ಕೂಲಿಗಾರನಿಗೆ ಅಂಥ ಖಾತರಿ ಇರಲಿಲ್ಲ.

ಆದರೆ ಅಕ್ಕಿ ಜೀವ ಉಳಿಸುತ್ತದೆಯೇ ಹೊರತು ಸಾಲ ತೀರಿಸುವುದಿಲ್ಲ. ಅಕ್ಕಿಯಾಚೆಗೆ ಬಂದದ್ದೇನು? ಬಹುಪಾಲು ಸಾಲ, ಸಾಲದ ಮೇಲೆ ಸಾಲ! 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಕಂತು ಕಟ್ಟುವುದನ್ನು ಮುಂದೂಡಲು ಬಿಟ್ಟಿತು, ಆಗಸ್ಟ್ ಕೊನೆಯವರೆಗೆ ಅದು ನಡೆಯಿತು. ಆದರೆ ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಬಡ್ಡಿಯ ಮೇಲಿನ ಬಡ್ಡಿಯನ್ನು ಬಿಡಿಸಿಕೊಳ್ಳುವುದಕ್ಕೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಆ ತೀರ್ಪು ಬಂದದ್ದು 2021ರ ಮಾರ್ಚಿಯಲ್ಲಿ. 2020ರ ಆಗಸ್ಟಿನಲ್ಲಿ ಮತ್ತೊಂದು ಕೃಪೆಯಾಯಿತು. ಒತ್ತೆಯಿಟ್ಟ ಬಂಗಾರದ ಬೆಲೆಯಲ್ಲಿ ನೂರಕ್ಕೆ 75ರ ಬದಲು 90ರವರೆಗೆ ಬ್ಯಾಂಕುಗಳು ಸಾಲ ಕೊಡಬಹುದು ಎಂದರು. ಮನೆಯ ಹೆಂಗಸು ಬಿಚ್ಚಿಟ್ಟ ಬಳೆಯ ಮೇಲೆ ಇನ್ನಷ್ಟು ಸಾಲ ಮಾಡುವ ಸೌಭಾಗ್ಯಕ್ಕೆ ಪರಿಹಾರವೆಂದು ಹೆಸರು!

ಸಣ್ಣ ವ್ಯಾಪಾರಿಯ ಪಾಡೂ ಇದೇ. ಮೂರು ಲಕ್ಷ ಕೋಟಿಯ ಸಾಲಕ್ಕೆ ಸರ್ಕಾರದ ಭರವಸೆ ಎಂದು ಡಂಗುರ ಹೊಡೆದರು. ಯಾರಿಗೆ? ಆಗಲೇ ಬ್ಯಾಂಕಿನಲ್ಲಿ ಸಾಲ ಇದ್ದವರಿಗೆ, ಆ ಸಾಲದ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುವರಿಯಾಗಿ. ಬ್ಯಾಂಕಿನ ಬಾಗಿಲನ್ನೇ ಕಾಣದ ಕಿರಾಣಿ ಅಂಗಡಿಯವನು, ಸೈಕಲ್ ರಿಪೇರಿಯವನು, ಹೊಲಿಗೆಯವಳು ಈ ಭರವಸೆಗೆ ಹೊರಗಿನವರು. ಬೀದಿ ವ್ಯಾಪಾರಿಗೆ 2020ರ ಜೂನಿನಲ್ಲಿ 10,000 ರೂಪಾಯಿಯ ಯೋಜನೆ ಬಂತು. ಸಾಹುಕಾರನ ಮೀಟರ್ ಬಡ್ಡಿಗಿಂತ ಅದು ಲೇಸು, ಒಪ್ಪುತ್ತೇವೆ. ಆದರೆ ಅದೂ ಸಾಲವೇ. ಅಪ್ಪಣೆ ಹೊರಡಿಸಿ ತಳ್ಳುಗಾಡಿ ನಿಲ್ಲಿಸಿದವರು ನಷ್ಟ ತುಂಬಲಿಲ್ಲ, ನಷ್ಟಕ್ಕೆ ಸಾಲ ಕೊಟ್ಟರು.

ಹಾಗಾದರೆ ಆ ದಿನಗಳಲ್ಲಿ ನಮ್ಮ ಬೀದಿಗಳನ್ನು ಬದುಕಿಸಿದವರು ಯಾರು? ಮೂಲೆಯ ಅಂಗಡಿಯವರು! ಉದ್ರಿ ಬರೆದುಕೊಂಡು ಬೇಳೆ, ಎಣ್ಣೆ, ಸೋಪು ಕೊಟ್ಟ ಆ ಅಂಗಡಿಗಳೇ ನಿಜವಾದ ಪರಿಹಾರ ಇಲಾಖೆ. ಅಂಥ ಒಬ್ಬ ಅಂಗಡಿಯ ಯಜಮಾನರು ಮೊನ್ನೆ ನಮಗೆ ಉದ್ರಿ ಪುಸ್ತಕ ತೋರಿಸಿ, "ಮೇಷ್ಟ್ರೇ, ಇದರಲ್ಲಿ ಹದಿನೇಳು ಮಂದಿ ಇಲ್ಲ. ಕೆಲವರು ತೀರಿಕೊಂಡರು, ಕೆಲವರು ಊರು ಬಿಟ್ಟರು. ಯಾರ ಮನೆ ಬಾಗಿಲಿಗೆ ಹೋಗಿ ಕೇಳಲಿ?" ಎಂದರು. ಅವರ ಬಾಕಿಗೆ ಯಾವ ಸರ್ಕಾರದ ಭರವಸೆಯೂ ಇಲ್ಲ. ಕಾರ್ಮಿಕನ ಪಗಾರ ಕಡಿದರೆ ಆ ಗಾಯ ಮೊದಲು ಕಾಣುವುದು ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ. ಆದ್ದರಿಂದ ಪಗಾರದ ಪ್ರಶ್ನೆ ಗಿರಣಿಯವರದು ಮಾತ್ರ ಎಂದು ವ್ಯಾಪಾರಿ ಬಂಧುಗಳು ತಿಳಿಯಬಾರದು.

ಈ ಆಟ ಇಂದು ನಿನ್ನೆಯದಲ್ಲ. ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ.

1348ರಲ್ಲಿ ಇಂಗ್ಲೆಂಡಿಗೆ ಮಹಾಮಾರಿ ಪ್ಲೇಗ್ ಬಂತು. ಮೂರರಲ್ಲಿ ಒಬ್ಬರಾದರೂ ಸತ್ತರು. ಹೊಲ ಉಳುವ ಕೈಗಳು ಕಡಿಮೆಯಾದವು, ಉಳಿದ ಕೂಲಿಗಾರ ಹೆಚ್ಚು ಕೂಲಿ ಕೇಳಿದ. ಮಾಲು ಕಡಿಮೆಯಾದರೆ ಬೆಲೆ ಏರುತ್ತದೆ ಎಂಬುದು ಸಂತೆಯ ನ್ಯಾಯವಲ್ಲವೇ? ಆದರೆ ದೊರೆ ಮತ್ತು ಜಮೀನ್ದಾರರು ಏನು ಮಾಡಿದರು? 1349ರಲ್ಲಿ ಅಪ್ಪಣೆ, 1351ರಲ್ಲಿ ಕಾನೂನು: ಪ್ಲೇಗಿಗೆ ಮುಂಚಿನ ಕೂಲಿಗಿಂತ ಹೆಚ್ಚು ಕೇಳಿದವನಿಗೆ ಶಿಕ್ಷೆ! ಬೆಲೆ ಏರಿದರೆ ಅದು ವ್ಯಾಪಾರ, ಕೂಲಿ ಏರಿದರೆ ಅದು ಅಪರಾಧ. ಜನ ಆ ಕಾನೂನನ್ನು ಒಳಗೊಳಗೇ ಮುರಿದರು. 1381ರಲ್ಲಿ ರೈತರು ಬಂಡೆದ್ದಾಗ ಅವರ ಹೊಟ್ಟೆಯಲ್ಲಿದ್ದ ಹಳೆಯ ಕಿಚ್ಚುಗಳಲ್ಲಿ ಇದೂ ಒಂದು.

ನಮ್ಮ ದೇಶದ್ದೇ ನೋಡಿ. 1917ರಲ್ಲಿ ಅಹಮದಾಬಾದಿಗೆ ಪ್ಲೇಗ್ ಬಂತು. ಜನ ಊರು ಬಿಡತೊಡಗಿದರು. ಮಗ್ಗ ನಿಂತರೆ ಲಾಭವೂ ನಿಂತಂತೆ. ಅದಕ್ಕೆ ಗಿರಣಿ ಮಾಲೀಕರು ನೇಕಾರರಿಗೆ 'ಪ್ಲೇಗ್ ಬೋನಸ್' ಎಂದು ಪಗಾರದ ನೂರಕ್ಕೆ 70-80ರವರೆಗೆ ಹೆಚ್ಚುವರಿ ಹಣ ಕೊಟ್ಟರು. ರೋಗ ಇಳಿಯಿತು. 1918ರ ಆರಂಭದಲ್ಲಿ, ಇನ್ನು ಬೋನಸ್ ಇಲ್ಲ ಎಂದರು. ಅಷ್ಟರಲ್ಲಿ ಯುದ್ಧದ ಕಾಲದ ತುಟ್ಟಿ ಮನೆಗಳನ್ನು ಸುಡುತ್ತಿತ್ತು. ಪ್ಲೇಗ್ ಹೋಯಿತು, ತುಟ್ಟಿ ಹೋಗಲಿಲ್ಲ! ನೇಕಾರರು ನೂರಕ್ಕೆ 50 ಏರಿಕೆ ಕೇಳಿದರು, ಮಾಲೀಕರು 20 ಎಂದರು. ಗಾಂಧೀಜಿ ಲೆಕ್ಕ ಹಾಕಿ 35 ನ್ಯಾಯವೆಂದರು. ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗ ಬಿತ್ತು. ಮಾಲೀಕರ ಮುಖಂಡ ಅಂಬಾಲಾಲ್ ಸಾರಾಭಾಯಿ; ಕಾರ್ಮಿಕರ ಪಕ್ಕದಲ್ಲಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕುಳಿತರು, 18ರಂದು ರಾಜಿಯಾಯಿತು. ಕೊನೆಗೆ ಪಂಚಾಯಿತಿದಾರರ ತೀರ್ಪು ಬಂದದ್ದು ಅದೇ 35ಕ್ಕೆ. ಅದೇ ವರ್ಷ ಇನ್‌ಫ್ಲುಯೆಂಜಾ ದೇಶವನ್ನು ಗುಡಿಸಿತು. ಕೋಟಿಗೂ ಮೀರಿ ಜನ ಸತ್ತರು, 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯೇ ಇಳಿದಿತ್ತು. ಆ ಹೊತ್ತಿಗೆ 35ರ ಏರಿಕೆ ಕೈಯಲ್ಲಿದ್ದ ಮನೆಗೂ ಇಲ್ಲದ ಮನೆಗೂ ಇದ್ದ ಅಂತರವನ್ನು ನೀವೇ ಊಹಿಸಿ.

ಇದರಿಂದ ತಿಳಿಯುವುದೇನು? ಮಾಲೀಕ ಕೊಡುವುದು ತನಗೆ ಭಯವಿದ್ದಾಗ. ಭಯ ಹೋದ ದಿನ ಕೈ ಹಿಂದಕ್ಕೆ ಹೋಗುತ್ತದೆ. ರೋಗದ ದಿನ ಸಿಕ್ಕದ್ದನ್ನು ರೋಗ ಹೋದ ಮೇಲೂ ಉಳಿಸಿಕೊಂಡರೆ ಮನೆ ಚೇತರಿಸುತ್ತದೆ. ಒಗ್ಗಟ್ಟಿಲ್ಲದೆ ಅದು ಉಳಿಯುವುದಿಲ್ಲ.

2020ರಲ್ಲಿ ಇದೇ ನಾಟಕ ಮತ್ತೆ ನಡೆಯಿತು. ಮಾರ್ಚ್ 29ರಂದು ಕೇಂದ್ರ ಸರ್ಕಾರ, ಮುಚ್ಚಿದ ದಿನಗಳಿಗೂ ಪೂರ್ತಿ ಪಗಾರ ಕೊಡಬೇಕು ಎಂದು ಮಾಲೀಕರಿಗೆ ಆಜ್ಞೆ ಮಾಡಿತು. ಮೇ ತಿಂಗಳ ಮಧ್ಯದಲ್ಲಿ ಆ ಆಜ್ಞೆ ಹೇಳದೆ ಕೇಳದೆ ಬಿದ್ದುಹೋಯಿತು. ಜೂನಿನಲ್ಲಿ ಸುಪ್ರೀಂ ಕೋರ್ಟು ಮಾಲೀಕರೂ ಕಾರ್ಮಿಕರೂ ಕುಳಿತು ಮಾತಾಡಿಕೊಳ್ಳಲಿ ಎಂದಿತು. ಹಸಿದವನೂ ಉಂಡವನೂ ಒಂದೇ ಮೇಜಿಗೆ ಕುಳಿತು ಮಾತಾಡಬೇಕಂತೆ! ನಮ್ಮ ರಾಜ್ಯವೇನೂ ಹಿಂದೆ ಬೀಳಲಿಲ್ಲ. ಮೇ ಮೊದಲ ವಾರ ಕಟ್ಟಡದ ದೊಡ್ಡ ಗುತ್ತಿಗೆದಾರರೊಡನೆ ಮಾತಾದ ಬೆನ್ನಿಗೇ, ಪರವೂರಿನ ಕಾರ್ಮಿಕರು ಮನೆಗೆ ಹೋಗುವ ರೈಲುಗಳನ್ನು ನಿಲ್ಲಿಸಿದರು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ಬಿಟ್ಟರು. ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದೆಂದು ಅಪ್ಪಣೆ ಹೊರಟಿತು. ಕಾರ್ಮಿಕರು ಹೈಕೋರ್ಟಿಗೆ ಹೋದ ಮೇಲೆ ಜೂನಿನಲ್ಲಿ ಅದು ವಾಪಸಾಯಿತು. ಜುಲೈಯಲ್ಲಿ ತುಟ್ಟಿಭತ್ಯೆಗೇ ಕೈ ಹಾಕಿದರು, ಒಂದು ವರ್ಷ ಮುಂದೂಡಿದರು. ತಿಂಗಳಿಗೆ ಸುಮಾರು 417 ರೂಪಾಯಿ. ಬಟ್ಟೆ ಹೊಲಿಯುವ ಕಾರ್ಖಾನೆಗಳ ಲಕ್ಷಾಂತರ ಹೆಣ್ಣುಮಕ್ಕಳಿಗೆ ಆ ಹಣ ಒಂದು ಮನೆಯ ತಿಂಗಳ ಎಣ್ಣೆ ಬೇಳೆ. ಹೈಕೋರ್ಟು ಆ ಅಪ್ಪಣೆಯನ್ನು ತಡೆದರೂ ಅನೇಕ ಕಡೆ ಬಾಕಿ ಕೈಸೇರಲು 2022ರ ಆರಂಭದವರೆಗೆ ಹೋರಾಡಬೇಕಾಯಿತು.

ಗಮನಿಸಿ, ಬಂಧುಗಳೇ. ರೈಲು ಮತ್ತೆ ಓಡಿದ್ದು, 60 ಗಂಟೆ ಹಿಂದೆ ಹೋದದ್ದು, 417 ರೂಪಾಯಿ ಕೈಗೆ ಬಂದದ್ದು, ಇವು ಯಾವುವೂ ಯಾರ ಕರುಣೆಯಿಂದಲೂ ಆದದ್ದಲ್ಲ. ಕೇಳಿದ್ದರಿಂದ ಆಯಿತು. ಕೇಳದೆ ಬಿಟ್ಟದ್ದು ಬಿಟ್ಟಂತೆಯೇ ಹೋಯಿತು.

ಕೇಳದೆ ಬಿಟ್ಟದ್ದರಲ್ಲಿ ಮೊದಲನೆಯದು ಸಾಲ. ಪಗಾರ ನಿಂತ ಮನೆ ಬಡ್ಡಿಯ ಬಾಯಿಗೆ ಬೀಳುತ್ತದೆ ಎಂಬುದು ಮಗುವಿಗೂ ತಿಳಿದ ವಿಷಯ. ಆ ಹೊತ್ತಿನಲ್ಲೇ, 2022ರ ಏಪ್ರಿಲಿನಿಂದ, ಮೈಕ್ರೋ ಫೈನಾನ್ಸ್ ಕಂಪನಿಗಳ ಬಡ್ಡಿಗಿದ್ದ ಮಿತಿಯನ್ನು ರಿಸರ್ವ್ ಬ್ಯಾಂಕು ತೆಗೆದುಹಾಕಿತು. ಕಂತಿನವರು ಮೋಟಾರ್ ಸೈಕಲ್ಲಿನಲ್ಲಿ ಬೀದಿಬೀದಿ ಸುತ್ತಿದರು. ಐದು ಮಂದಿ ಹೆಂಗಸರಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದ ನಾಲ್ವರನ್ನು ಅವಳ ಬಾಗಿಲಲ್ಲಿ ಕೂರಿಸುವ ಪದ್ಧತಿ! ಪೊಲೀಸರೂ ಬೇಡ, ಕೋರ್ಟೂ ಬೇಡ, ನೆರೆಯವರನ್ನೇ ಅಮೀನರನ್ನಾಗಿ ಮಾಡಿದರು. ಕಿರುಕುಳ ತಾಳದೆ ಚಾಮರಾಜನಗರ, ಮೈಸೂರು ಕಡೆ ಜನ ಊರು ಬಿಟ್ಟರು, ಆತ್ಮಹತ್ಯೆಗಳಾದವು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲಾತ್ಕಾರದಿಂದ ವಸೂಲಿ ಮಾಡಿದವರಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಎಂದಿತು. ಒಳ್ಳೆಯದೇ. ಆದರೆ ಆ ಕಾಗದ ಬರುವುದಕ್ಕೆ ಎಷ್ಟು ಹೆಣ ಬೀಳಬೇಕಾಯಿತು!

ಎರಡನೆಯದು ಹೆಂಗಸಿನ ದುಡಿಮೆ. ಉದ್ಯೋಗ ಹೆಚ್ಚಿದೆ ಎಂದು ಎದೆ ತಟ್ಟಿಕೊಳ್ಳುವವರು ಸರ್ಕಾರದ್ದೇ ಸಮೀಕ್ಷೆಯನ್ನು ಓದಲಿ. 2017-18ರಲ್ಲಿ ದುಡಿಯುವ ನೂರು ಮಂದಿಯಲ್ಲಿ ಸುಮಾರು 14 ಮಂದಿ ಮನೆಯ ಕಸುಬಿನಲ್ಲಿ ಪಗಾರವಿಲ್ಲದೆ ದುಡಿಯುವವರಿದ್ದರು. 2022-23ಕ್ಕೆ ಅದು 18ಕ್ಕೆ ಏರಿತು. ತಿಂಗಳ ಪಗಾರದವರ ಪಾಲು ಇಳಿಯಿತು. ಕೆಲಸ ಕಳೆದುಕೊಂಡು ಗಂಡನ ಗೂಡಂಗಡಿಯಲ್ಲಿ ಕುಳಿತ ಹೆಂಡತಿಯೂ, ಅಪ್ಪನ ಜೊತೆ ಇಡ್ಲಿ ಮಾರುವ ಮಗನೂ ಉದ್ಯೋಗಸ್ಥರ ಪಟ್ಟಿಗೆ ಸೇರಿದ್ದಾರೆ. ಕಾಸಿಲ್ಲದ ಕೆಲಸವೂ ಉದ್ಯೋಗವೇ, ಲೆಕ್ಕ ಚೆನ್ನಾಗಿ ತೋರಬೇಕಲ್ಲ!

ಮೂರನೆಯದು ಮಕ್ಕಳ ಓದು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು, ಸುಮಾರು ಹತ್ತೊಂಬತ್ತು ತಿಂಗಳ ಮೇಲೆ. ಅಜೀಂ ಪ್ರೇಮ್‌ಜಿ ಸಂಸ್ಥೆಯವರು 2021ರ ಆರಂಭದಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ನೋಡಿದಾಗ ನೂರಕ್ಕೆ 92 ಮಕ್ಕಳು ಹಿಂದೆ ಬರುತ್ತಿದ್ದ ಭಾಷಾಪಾಠದಲ್ಲಿ ಒಂದನ್ನಾದರೂ ಮರೆತಿದ್ದರು. ಮನೆಯಲ್ಲಿ ಫೋನೂ ಪಾಠ ಹೇಳುವವರೂ ಇದ್ದ ಮಕ್ಕಳು ಹೇಗೋ ದಡ ಸೇರಿದರು. ಗಿರಣಿ ಸಾಲಿನ ಮಕ್ಕಳನ್ನು ಮೇಲಿನ ತರಗತಿಗೆ ತಳ್ಳಿದರು, ಕಲಿಸಲಿಲ್ಲ. ಇಂದು ಆ ಮಕ್ಕಳೇ ಹದಿಹರೆಯದವರು. ಅವರ ನಷ್ಟ ಕಾಣುವುದು ಮುಂದಿನ ಮೂವತ್ತು ವರ್ಷದ ಪಗಾರದಲ್ಲಿ.

ನಾಲ್ಕನೆಯದು ಸಾವಿನ ಲೆಕ್ಕ. 2020 ಮತ್ತು 2021, ಈ ಎರಡು ವರ್ಷಕ್ಕೆ ಸರ್ಕಾರ ಹೇಳಿದ್ದು ಸುಮಾರು 4 ಲಕ್ಷ 80 ಸಾವಿರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಮಾರು 47 ಲಕ್ಷ. ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ಅಂಕಿಯ ಜಗಳ ಪಂಡಿತರಿಗಿರಲಿ. ವಿಧವೆಗೆ ಇದು ಅನ್ನದ ಪ್ರಶ್ನೆ. ಸುಪ್ರೀಂ ಕೋರ್ಟು ಹೇಳಿದ ಮೇಲೆ ಕುಟುಂಬಕ್ಕೆ 50,000 ರೂಪಾಯಿ ಎಂದಾಯಿತು. ಆದರೆ ರೋಗ ಪರೀಕ್ಷೆಯ ಚೀಟಿ ಬೇಕು, ವೈದ್ಯರ ಕಾಗದ ಬೇಕು. ಹಾಸಿಗೆ ಸಿಗದೆ ಮನೆಯಲ್ಲೇ ಉಸಿರುಗಟ್ಟಿ ಸತ್ತವನಿಗೆ ಚೀಟಿ ಕೊಟ್ಟವರಾರು? 2021ರಲ್ಲಿ ನಮ್ಮ ರಾಜ್ಯದ ವಿಧವಾ ವೇತನ ತಿಂಗಳಿಗೆ 600ರಿಂದ 800 ರೂಪಾಯಿಗೆ ಏರಿತು. ದಿನಕ್ಕೆ ಇಪ್ಪತ್ತೇಳು ರೂಪಾಯಿಯೂ ಆಗಲಿಲ್ಲ.

ಇನ್ನು ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳಿಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು ಎಂದು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಅವರು ರೋಗಕ್ಕೆ ಹೆದರಿದರು. ನಾವು 2020ರಲ್ಲಿ ನೆರೆಯವನಿಗೆ ಹೆದರಿದೆವು. ಆಸ್ಪತ್ರೆಯಿಂದ ಬದುಕಿ ಬಂದವನ ಬಾಗಿಲಿಗೆ ಹಾಲಿನವನು ಹೋಗಲಿಲ್ಲ. ಬಂಧುಗಳ ಹೆಣಕ್ಕೆ ಹೆಗಲು ಕೊಡಲಿಲ್ಲ. ಆ ಏಪ್ರಿಲಿನಲ್ಲಿ ಎಷ್ಟೋ ಕಡೆ ಮುಸಲ್ಮಾನ ತರಕಾರಿಯವನನ್ನು ಬೀದಿಯೊಳಗೇ ಬಿಡಲಿಲ್ಲ. ಸುಳ್ಳು ಸುದ್ದಿಯನ್ನು ನಂಬಿ ತಳ್ಳುಗಾಡಿ ಉರುಳಿಸಿದ ಕೈಗಳಲ್ಲಿ ಕಾರ್ಮಿಕನ ಕೈಯೂ ಇತ್ತು. ನಮ್ಮಲ್ಲಿ ಎಷ್ಟು ಮಂದಿ ಅಡ್ಡ ಬಂದೆವು? ಮನೆ ಚೇತರಿಸಬೇಕಾದರೆ ಬೀದಿಯೂ ಚೇತರಿಸಬೇಕು. ಉದ್ರಿ ನಿಂತಿರುವುದು ನಂಬಿಕೆಯ ಮೇಲೆ, ಸಂಘ ನಿಂತಿರುವುದೂ ನಂಬಿಕೆಯ ಮೇಲೆ. ಆ ನಂಬಿಕೆ ಒಡೆದರೆ ಮಾಲೀಕನಿಗೆ ಖರ್ಚಿಲ್ಲದೆ ಲಾಭ.

ಹಾಗಾದರೆ ಆಗಬೇಕಾದದ್ದೇನು? ನಮ್ಮ ಬೇಡಿಕೆ ಆಕಾಶದ ನಕ್ಷತ್ರವಲ್ಲ.

ರೋಗದ ಖರ್ಚಿಗೆ, ಮುಚ್ಚಿದ ದಿನಗಳ ಹೊಟ್ಟೆಗೆ ಮಾಡಿದ ಸಾಲದಲ್ಲಿ ಅಸಲಿನಷ್ಟು ಕಟ್ಟಿದವರ ಉಳಿದ ಬಡ್ಡಿ ಬಿಡಬೇಕು. ಸಣ್ಣ ಸಾಲದ ಬಡ್ಡಿಗೆ ಮತ್ತೆ ಮಿತಿ ಬರಬೇಕು. ತುಟ್ಟಿಭತ್ಯೆಯನ್ನು ಯಾವ ನೆಪದಿಂದಲೂ ಮುಂದೂಡಕೂಡದು. ಪರೀಕ್ಷೆಯ ಚೀಟಿ ಇಲ್ಲದ ಸಾವುಗಳನ್ನು ಊರಿನವರ ಸಾಕ್ಷಿಯ ಮೇಲೆ ಒಪ್ಪಬೇಕು. ವಿಧವಾ ವೇತನ ಅನ್ನ ತಿನ್ನುವಷ್ಟಾಗಬೇಕು. ಓದು ಬಿಟ್ಟ ಮಕ್ಕಳಿಗೆ ಸಂಜೆ ಶಾಲೆ, ಕೂಲಿಯ ನಷ್ಟ ತುಂಬುವಷ್ಟು ವಿದ್ಯಾರ್ಥಿವೇತನ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ರೋಗ ಬರುವ ಮುಂಚೆ ಕಾನೂನು ಬರಬೇಕು. ಸರ್ಕಾರ ಬೀಗ ಹಾಕಿದ ದಿನ ಕಾರ್ಮಿಕನಿಗೆ ಪಗಾರ, ಸಣ್ಣ ಅಂಗಡಿಗೆ ನಷ್ಟದ ಭರ್ತಿ ಹಕ್ಕಾಗಿ ಬರಬೇಕು. ಐವತ್ತೇ ದಿನಕ್ಕೆ ಬಿದ್ದುಹೋಗುವ ಆಜ್ಞೆ ನಮಗೆ ಬೇಡ.

ದುಡ್ಡೆಲ್ಲಿ ಎಂದು ಕೇಳುವವರಿಗೆ ಉತ್ತರ ಸುಲಭ. 2019ರ ಸೆಪ್ಟೆಂಬರಿನಲ್ಲಿ, ರೋಗ ಬರುವ ಮುಂಚೆಯೇ, ದೊಡ್ಡ ಕಂಪನಿಗಳ ತೆರಿಗೆಯನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿದಾಗ ದುಡ್ಡೆಲ್ಲಿ ಎಂದು ಯಾರೂ ಕೇಳಲಿಲ್ಲ. ನಮ್ಮ ಸರದಿ ಬಂದಾಗ ಮಾತ್ರ ಖಜಾನೆ ಬರಿದು!

ಈ ವಾರ ಒಂದು ಕೆಲಸ ಮಾಡಿ, ಬಂಧುಗಳೇ. ಮನೆಯಲ್ಲಿ ದೀಪ ಹಚ್ಚಿದ ಮೇಲೆ ಗಂಡ ಹೆಂಡತಿ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ. 2020ರ ಮಾರ್ಚಿಗೆ ಮುಂಚೆ ಏನಿತ್ತು, ಏನು ಹೋಯಿತು, ಏನು ಹಿಂದಿರುಗಿತು. ಬಂಗಾರ, ಸೈಟು, ಸಾಲ, ಮಕ್ಕಳ ಓದು, ಹೋದ ಜೀವ, ಎಲ್ಲವನ್ನೂ ಬರೆಯಿರಿ. ಅಂಗಡಿಯವರು ವಸೂಲಾಗದ ಉದ್ರಿ ಬರೆಯಲಿ. ಆ ಹಾಳೆಗಳನ್ನು ಬೀದಿಬೀದಿಯಿಂದ ಕೂಡಿಸೋಣ, ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಒಟ್ಟೋಣ. ಜನ ಚೇತರಿಸಿದ್ದಾರೆ ಎನ್ನುವ ಮಂತ್ರಿಗಳು ಆ ರಾಶಿಯ ಮುಂದೆ ನಿಂತು ಆ ಮಾತನ್ನು ಇನ್ನೊಮ್ಮೆ ಹೇಳಲಿ, ನೋಡೋಣ.

ಲೆಕ್ಕ ಬರೆಯದವನ ಬಾಕಿ ಎಂದೂ ವಸೂಲಾಗದು. ನಮ್ಮ ಬಾಕಿ ದೊಡ್ಡದಿದೆ. ಬರೆಯಲು ಕೂಡೋಣ.